ಕತ್ತರಿಸಿದ ಏಳು ಹಾಳೆಗಳು

ಮಾರ್ಚ್ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕೆರೆ ದಂಡೆಯ ಕ್ಯಾರವಾನ್ ಶಿಬಿರದ ಮ್ಯಾನೇಜರು ಕಂಕುಳಲ್ಲಿ ಒಂದು ದಪ್ಪ ಪುಸ್ತಕ ಅವುಚಿಕೊಂಡು ಠಾಣೆಯ ಮೆಟ್ಟಿಲು ಹತ್ತಿ ಬಂದ. ಶಿಬಿರದ ಆಫೀಸಿನಲ್ಲಿ ಕಳ್ಳತನವಾಗಿದೆ, ದೂರು ಬರೆದುಕೊಳ್ಳಿ ಎಂದ. ಏನೇನು ಹೋಯಿತು ಎಂದು ದಫೇದಾರ ಕೇಳಿದ. ಮೂರು ಹಾಳೆ ಎಂದ ಮ್ಯಾನೇಜರು.

ಪೆನ್ನಿನ ಮುಚ್ಚಳ ತೆಗೆದಿದ್ದ ದಫೇದಾರ ಅದನ್ನು ಮತ್ತೆ ಹಾಕಿಕೊಂಡ. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಸೈಕಲ್ಲಿನಿಂದ ಹಿಡಿದು ಸೇತುವೆಯ ಕಬ್ಬಿಣದವರೆಗೆ ಎಲ್ಲ ನಮೂನೆಯ ಕಳವು ಬರೆದುಕೊಂಡಿದ್ದ. ಹಾಳೆ ಹೋಯಿತೆಂದು ಬಂದವನು ಇವನೇ ಮೊದಲು. ಮನೆಯಲ್ಲಿ ಮಕ್ಕಳಿದ್ದರೆ ದೋಣಿ ಮಾಡಿರಬಹುದು, ನೋಡಿ ಎಂದ.

ಮ್ಯಾನೇಜರು ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಅದು ತಂಗುವವರ ಪುಸ್ತಕ. ಕಾರಿನ ಹಿಂದೆ ಗಾಲಿಯ ಮನೆ ಕಟ್ಟಿಕೊಂಡು ಬರುವವರು, ಗುಡಾರ ಹೊತ್ತು ಬರುವವರು, ಎಲ್ಲರೂ ಬಂದ ಕೂಡಲೇ ಸ್ವಂತ ಕೈಯಲ್ಲಿ ಹೆಸರು, ಊರು, ಗಾಡಿಯ ನಂಬರು ಬರೆಯಬೇಕು. ಎರಡು ದಿನವೋ ನಾಲ್ಕು ದಿನವೋ ಇದ್ದು ಮುಂದಿನ ಶಿಬಿರಕ್ಕೆ ಹೊರಡುತ್ತಾರೆ. ಕೆರೆಯಿಂದ ಶುರುವಾಗಿ ಕಾಡಂಚು, ಹಳೇ ಕಲ್ಲುಕ್ವಾರಿ, ಹೊಳೆ ದಾಟಿ ಗುಡ್ಡದ ತಲೆಯವರೆಗೆ ಹೋಗುವ ಆ ರಸ್ತೆಯ ಮೇಲೆ ಇಂಥ ಶಿಬಿರಗಳು ಆರು ಇದ್ದವು. ಆಫೀಸಿನಲ್ಲಿ ಗಲ್ಲಾಪೆಟ್ಟಿಗೆ ಇತ್ತು, ಎರಡು ಮೊಬೈಲು ಇದ್ದವು, ಗ್ಯಾಸ್ ಸಿಲಿಂಡರುಗಳ ಬೀಗದ ಕೈ ಇತ್ತು. ಯಾವುದನ್ನೂ ಮುಟ್ಟಿಲ್ಲ. ಪುಸ್ತಕದಿಂದ ಮಾತ್ರ ಮೂರು ಹಾಳೆಗಳನ್ನು ಬ್ಲೇಡಿನಲ್ಲಿ ತೆಗೆದಿದ್ದರು.

ಒಳಗಿನ ಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಕುರ್ಚಿ ಸರಿಸಿ ಎದ್ದು ಬಂದ. ಐವತ್ತು ದಾಟಿದ ಮನುಷ್ಯ. ಹಿಂದೆ ಅಪಘಾತ ವಿಭಾಗದಲ್ಲಿ ಬಹಳ ಕಾಲ ಇದ್ದುದರಿಂದ ಯಾವುದನ್ನಾದರೂ ನೋಡುವಾಗ ಮೊದಲು ಬಗ್ಗಿ ಬುಡ ನೋಡುವ ಅಭ್ಯಾಸ. ಹೊಲಿಗೆಯ ದಾರಕ್ಕೆ ಒಂದಿಷ್ಟೂ ಗಾಯವಾಗದ ಹಾಗೆ ನೆಟ್ಟಗೆ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದ. ಯಾವ ತಿಂಗಳ ಹಾಳೆಗಳು ಎಂದು ಕೇಳಿದ. ಹೋದ ವರ್ಷದ ಜೂನ್, ಸೆಪ್ಟೆಂಬರ್, ಅಕ್ಟೋಬರ್ ಎಂದ ಮ್ಯಾನೇಜರು.

"ಎಫ್‌ಐಆರ್ ಬರೀರಿ," ಎಂದ ಇನ್ಸ್‌ಪೆಕ್ಟರ್.

ದಫೇದಾರ ಮುಖ ನೋಡಿದ. ಸಾಹೇಬರು ತಮಾಷೆ ಮಾಡುತ್ತಿರಲಿಲ್ಲ. ಅಕ್ರಮ ಪ್ರವೇಶ ಮತ್ತು ದಾಖಲೆ ಕಳವು ಎಂದು ಮೊಕದ್ದಮೆ ಸಂಖ್ಯೆ ನಲವತ್ತೇಳು ದಾಖಲಾಯಿತು.

ಸಾಹೇಬರಿಗೆ ಅದು ಯಾಕೆ ಅಷ್ಟು ದೊಡ್ಡದಾಗಿ ಕಂಡಿತೆಂಬುದು ಠಾಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ, ಬೇರೆ ಠಾಣೆಯಲ್ಲಿ, ಒಬ್ಬ ಮರ್ಯಾದಸ್ಥ ಬಂದು ಕೈಕಟ್ಟಿ ನಿಂತು, ಮನೆ ಬಿಟ್ಟುಹೋದ ತಂಗಿ ಎಲ್ಲಿದ್ದಾಳೆ ಹೇಳಿ ಸಾರ್, ಅಮ್ಮ ಊಟ ಬಿಟ್ಟಿದ್ದಾಳೆ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದ. ಇನ್ಸ್‌ಪೆಕ್ಟರ್ ಫೈಲು ತೆಗೆದು, ಆ ಹೆಂಗಸಿದ್ದ ಹಾಸ್ಟೆಲ್ಲಿನ ಹೆಸರನ್ನು ತನ್ನ ಬಾಯಿಂದಲೇ ಹೇಳಿದ್ದ. ಅವನು ಅಣ್ಣನಲ್ಲ, ಗಂಡ. ಮೂರನೇ ದಿನ ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಹೋಗಬೇಕಾಯಿತು. ಅವಳು ಬದುಕಿಕೊಂಡಳು, ಆದರೆ ಬಲಗೈ ಮೊದಲಿನ ಹಾಗಾಗಲಿಲ್ಲ. ತನ್ನ ಜಾಗ ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಇವನಿಗೆ ಈಗಲೂ ಅನ್ನಿಸುತ್ತಿತ್ತು. ಅಂದಿನಿಂದ ಯಾರು ಎಲ್ಲಿ ತಂಗಿದ್ದಾರೆ ಎನ್ನುವ ಕಾಗದ ಇವನ ಪಾಲಿಗೆ ಬರೀ ಕಾಗದವಾಗಿ ಉಳಿದಿರಲಿಲ್ಲ.

ಮಧ್ಯಾಹ್ನ ಹನ್ನೆರಡೂ ಕಾಲಕ್ಕೆ ಇನ್ಸ್‌ಪೆಕ್ಟರ್, ದಫೇದಾರ ಮತ್ತು ಠಾಣೆಯ ಒಬ್ಬಳೇ ಮಹಿಳಾ ಕಾನ್‌ಸ್ಟೆಬಲ್ ಕೆರೆ ದಂಡೆಯ ಶಿಬಿರಕ್ಕೆ ಹೋಗಿ ಪಂಚನಾಮೆ ಶುರು ಮಾಡಿದರು. ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದ ಇಬ್ಬರು ಪ್ರವಾಸಿಗಳೇ ಪಂಚರು. ಆಫೀಸು ಎಂದರೆ ಹಲಗೆಯ ಒಂದು ಕೋಣೆ. ಗೋಡೆಗೆ ಕೀಲಿಗಳ ಹಲಗೆ, ರಸ್ತೆಯ ನಕಾಶೆ, ಮೂಲೆಯಲ್ಲಿ ಜನ ಮರೆತುಹೋದ ಸಾಮಾನಿನ ಪೆಟ್ಟಿಗೆ. ಅದರಲ್ಲಿ ಒಂಟಿ ಚಪ್ಪಲಿಗಳು, ಪ್ಲಗ್ಗುಗಳು, ಗಾಲಿಗೆ ಕೊಡುವ ಮರದ ತುಂಡುಗಳು. ಮಧ್ಯಾಹ್ನ ಒಂದರಿಂದ ಎರಡೂವರೆ ಊಟದ ಬಿಡುವು. ಬೀಗದ ಕೈ ಬಾಗಿಲ ಚೌಕಟ್ಟಿನ ಮೇಲೆ ಇರುತ್ತದೆ, ಅದು ಯಾರಿಗೆ ಗೊತ್ತು ಎಂದು ಕೇಳಿದರೆ ಮ್ಯಾನೇಜರು ತಲೆ ಕೆರೆದುಕೊಂಡು, ಎಲ್ಲರಿಗೂ ಎಂದ.

ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಮೊದಲು ಗಮನಿಸಿದವಳು ಕಾನ್‌ಸ್ಟೆಬಲ್. 'ಊಟಕ್ಕೆ ಓಗಿದ್ದೇವೆ. ಎರಡೂವರೆಗೆ ಭಾಗಿಲು ತೆರೆಯುತ್ತೇವೆ' ಎಂದು ಮ್ಯಾನೇಜರು ಸ್ವಹಸ್ತದಲ್ಲಿ ಬರೆದಿದ್ದ. ಯಾರೋ ಕೆಂಪು ಪೆನ್ನಿನಲ್ಲಿ 'ಓ' ಹೊಡೆದು 'ಹೋ' ಮಾಡಿದ್ದರು, ಭಾಗಿಲಿನ ಹೊಟ್ಟೆಯ ಸೀಳು ಹೊಡೆದುಹಾಕಿ ಬಾಗಿಲು ಮಾಡಿದ್ದರು. ಸೋಮವಾರ ಊಟ ಮುಗಿಸಿ ಬಂದಾಗ ನೋಡಿದೆ, ಯಾರೋ ಪ್ರವಾಸಿಗಳ ಕೊಬ್ಬು ಅಂದುಕೊಂಡೆ ಎಂದು ಮ್ಯಾನೇಜರು ಮುಖ ಕೆಂಪಗೆ ಮಾಡಿಕೊಂಡು ಹೇಳಿದ.

"ಸಾರ್, ಕಳ್ಳರು ಇಷ್ಟು ಓದ್ಕೊಂಡಿದ್ರೆ ನಮ್ಮ ಎಫ್‌ಐಆರ್ ಗತಿ ಏನು," ಎಂದಳು ಕಾನ್‌ಸ್ಟೆಬಲ್. ದಫೇದಾರ ತನ್ನ ಪಂಚನಾಮೆಯ ಹಾಳೆಯನ್ನು ಸುಮ್ಮನೆ ಆ ಕಡೆ ತಿರುಗಿಸಿಕೊಂಡ.

ಇನ್ಸ್‌ಪೆಕ್ಟರ್ ಅಷ್ಟರಲ್ಲಿ ಗೇಟಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಎಡಗಡೆಯ ಮರದ ಕಂಬದಲ್ಲಿ, ನೆಲದಿಂದ ಎರಡಡಿ ಎತ್ತರದಲ್ಲಿ, ಹೊಸ ಗೀರು. ಗೀರಿನಲ್ಲಿ ಕಡುಹಸಿರು ಬಣ್ಣ. ಚಕ್ಕೆ ಕೆರೆದು ಲಕೋಟೆಗೆ ಹಾಕಿಕೊಂಡ. ಪಂಚರಲ್ಲಿ ಒಬ್ಬರಿಗೆ ನೆನಪಿತ್ತು: ಸೋಮವಾರ ಮಧ್ಯಾಹ್ನ ಒಂದು ಹಸಿರು ಪುಟ್ಟ ವ್ಯಾನು ಬಂದು, ಇಪ್ಪತ್ತು ನಿಮಿಷದಲ್ಲಿ ಹೋಗಿತ್ತು. ಓಡಿಸಿದವರು ಟೋಪಿ ಹಾಕಿದ್ದರು, ಮುಖ ನೋಡಲಿಲ್ಲ. ಒಂದೂ ನಲವತ್ತಕ್ಕೆ ಪಂಚನಾಮೆ ಮುಗಿಯಿತು.

ಠಾಣೆಗೆ ಬಂದವನೇ ದಫೇದಾರ ಉಳಿದ ಐದೂ ಶಿಬಿರಗಳಿಗೆ ಫೋನು ಹಚ್ಚಿದ. ನಿಮ್ಮ ಪುಸ್ತಕ ನೆಟ್ಟಗಿದೆಯಾ ನೋಡಿ ಎಂದ. ಕಾಡಂಚಿನ ಶಿಬಿರದಲ್ಲಿ ಎರಡು ಹಾಳೆ ಇರಲಿಲ್ಲ. ಕಲ್ಲುಕ್ವಾರಿಯಲ್ಲೂ ಎರಡು ಇರಲಿಲ್ಲ. ಇಬ್ಬರು ಮ್ಯಾನೇಜರುಗಳಿಗೂ ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ. ಕ್ವಾರಿಯ ಶಿಬಿರದಲ್ಲಿ ಎಡಗಡೆಯ ನಲ್ಲಿಕಂಬ ವಾಲಿತ್ತು, ಅದಕ್ಕೂ ಹಸಿರು ಬಣ್ಣ ಮೆತ್ತಿತ್ತು. ಕಾಡಂಚಿನ ಶಿಬಿರ ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರು. ಅವರ ಚೀಟಿಯಲ್ಲಿ ಒಂದೂ ತಪ್ಪಿರಲಿಲ್ಲ, ಆದರೂ ಯಾರೋ ಕೆಂಪು ಶಾಯಿಯಲ್ಲಿ ಒಂದು ಅಲ್ಪವಿರಾಮ ಸೇರಿಸಿ ಹೋಗಿದ್ದರು. ಅದು ಅಲ್ಲಿ ಬೇಕಾಗಿಯೇ ಇತ್ತು ಎಂದು ಮೇಷ್ಟ್ರು ಒಪ್ಪಿಕೊಂಡರು.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಇನ್ಸ್‌ಪೆಕ್ಟರ್ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಕಟ್ಟುಗಳನ್ನು ಇಳಿಸಲು ಹೇಳಿದ. ಶಿಬಿರದವರು ತಂಗಿದವರ ವಿವರದ ಚೀಟಿಗಳನ್ನು ವಾರಕ್ಕೊಮ್ಮೆ ಠಾಣೆಗೆ ಕಳಿಸಬೇಕೆಂಬ ನಿಯಮವಿತ್ತು. ಅವರು ಕಳಿಸುತ್ತಿದ್ದರು, ಇವರು ಕಟ್ಟಿಡುತ್ತಿದ್ದರು, ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ. ಮೂವರೂ ನೆಲದ ಮೇಲೆ ಕೂತು, ಕತ್ತರಿಸಿದ ಏಳು ಹಾಳೆಗಳ ತಾರೀಕಿನ ಚೀಟಿಗಳನ್ನು ಏಳು ಗುಡ್ಡೆ ಮಾಡಿ ಹರಡಿದರು. ಹನ್ನೊಂದೂವರೆ ಹೊತ್ತಿಗೆ ಏಳೂ ಗುಡ್ಡೆಗಳಲ್ಲಿದ್ದ ಹೆಸರು ಒಂದೇ ಒಂದು ಸಿಕ್ಕಿತು. ಹೆಂಗಸು, ವಯಸ್ಸು ಅರವತ್ತೆರಡು. ಜೊತೆಯಲ್ಲಿ ಯಾರೂ ಇಲ್ಲ. ಕೆನೆ ಬಣ್ಣದ ಕ್ಯಾರವಾನ್. ಕಸುಬು, ಗುಡಾರ ಮತ್ತು ಚಪ್ಪರದ ಬಟ್ಟೆ ಹೊಲಿಯುವುದು.

ಇನ್ಸ್‌ಪೆಕ್ಟರ್ ಆ ಏಳು ಚೀಟಿಗಳನ್ನು ಬೇರೆ ತೆಗೆದಿಟ್ಟ. ಯಾರೋ ಈ ಹೆಂಗಸಿನ ಜಾಡು ಹಿಡಿದು ಶಿಬಿರದಿಂದ ಶಿಬಿರಕ್ಕೆ ಬರುತ್ತಿದ್ದಾರೆ ಎಂದ. ಕಾನ್‌ಸ್ಟೆಬಲ್ಲಿನ ಮುಖದಲ್ಲಿದ್ದ ನಗು ಹೋಯಿತು.

ಉಳಿದ ಕಟ್ಟುಗಳಲ್ಲಿ ಹುಡುಕಿದಾಗ ಆ ಹೆಸರಿದ್ದ ಕೊನೆಯ ಚೀಟಿ ಹೊಳೆ ದಂಡೆಯ ಶಿಬಿರದ್ದು. ಇನ್ಸ್‌ಪೆಕ್ಟರ್ ಅಲ್ಲಿಗೆ ಫೋನು ಮಾಡಿ ವಿಚಾರಿಸಿದ. ಓ, ನಮ್ಮ ಹೊಲಿಗೆಯಮ್ಮನಾ ಎಂದು ಅಲ್ಲಿಯ ಮ್ಯಾನೇಜರು ಉತ್ಸಾಹದಿಂದ ಶುರುಮಾಡಿದ. ಚಳಿಗಾಲವೆಲ್ಲ ನಮ್ಮಲ್ಲೇ ಇದ್ದರು, ಭಾನುವಾರ ಗುಡ್ಡದ ಶಿಬಿರಕ್ಕೆ ಹೋದರು, ಅಲ್ಲಿ ಸೀಸನ್ನಿಗೆ ಮುಂಚೆ ಚಪ್ಪರಗಳನ್ನೆಲ್ಲ ರಿಪೇರಿ ಮಾಡಬೇಕಂತೆ ಎಂದ.

"ನಾನು ಪೊಲೀಸು ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಇನ್ಸ್‌ಪೆಕ್ಟರ್ ಕೇಳಿದ.

ಇನ್ನು ಯಾರು ಕೇಳಿದರೂ ಬಾಯಿಗೆ ಬೀಗ ಹಾಕಿಕೊಳ್ಳಿ, ಪುಸ್ತಕ ಮಾತ್ರ ಇದ್ದಲ್ಲೇ ಇರಲಿ ಎಂದು ಹೇಳಿ ಫೋನಿಟ್ಟ. ಗುಡ್ಡದ ಹೊರಠಾಣೆಯವರಿಗೆ ಹೇಳಿ, ಆ ಹೆಂಗಸಿಗೆ ಗಾಬರಿಯಾಗದಂತೆ ಮಫ್ತಿಯಲ್ಲಿ ಒಬ್ಬನನ್ನು ಶಿಬಿರದಲ್ಲಿ ಇರಿಸಿದ.

ಇನ್ನೂ ಒಂದು ವಿಷಯ ಅವನ ತಲೆ ಕೊರೆಯುತ್ತಿತ್ತು. 'ಭ'ಕ್ಕೂ 'ಬ'ಕ್ಕೂ ವ್ಯತ್ಯಾಸ ಹಿಡಿಯುವ ಕಣ್ಣಿಗೆ ತೊಡೆಗಾತ್ರದ ಕಂಬ ಕಾಣದೆ ಹೋಗುವುದು ಹೇಗೆ? ಕುಡಿದಿರಬೇಕು ಎಂದ ದಫೇದಾರ. ಕುಡಿದ ಕೈ ಅಷ್ಟು ನೆಟ್ಟಗೆ ಬ್ಲೇಡು ಎಳೆಯುವುದಿಲ್ಲ ಎಂದ ಇನ್ಸ್‌ಪೆಕ್ಟರ್. ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಕಣ್ಣಿನ ಡಾಕ್ಟರನ್ನು ಕೇಳಿದ. ಡಾಕ್ಟರು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಸುರುಳಿ ಸುತ್ತಿ ಇವನ ಕಣ್ಣಿಗೆ ಕೊಳವೆಯ ಹಾಗೆ ಹಿಡಿದರು. ಎದುರಿನ ಅಕ್ಷರ ಕಾಣಿಸುತ್ತಿದೆಯಾ ಎಂದರು. ಕಾಣಿಸುತ್ತಿತ್ತು. ನಾನು ಎಷ್ಟು ಬೆರಳು ತೋರಿಸುತ್ತಿದ್ದೇನೆ ಎಂದರು. ಇವನಿಗೆ ಅವರ ಕೈಯೇ ಕಾಣುತ್ತಿರಲಿಲ್ಲ. ಕೆಲವರಿಗೆ ದೃಷ್ಟಿ ಅಂಚಿನಿಂದ ಮುಚ್ಚಿಕೊಂಡು ಬರುತ್ತದೆ, ಬೆಳಕು ಕಮ್ಮಿಯಾದರೆ ಏನೂ ಕಾಣುವುದಿಲ್ಲ, ಹಾಗಾಗಿ ನಡುಮಧ್ಯಾಹ್ನದಲ್ಲೇ ಓಡಾಡುತ್ತಾರೆ ಎಂದು ವಿವರಿಸಿದರು. ಅಂಥವರು ಗಾಡಿ ಓಡಿಸಬಹುದಾ ಎಂದು ಇವನು ಕೇಳಿದ್ದಕ್ಕೆ, ಓಡಿಸಿದರೆ ಯಾರನ್ನಾದರೂ ಸಾಯಿಸುತ್ತಾರೆ ಎಂದರು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ರಸ್ತೆಯಲ್ಲಿ ಮುಂದಿನದಾದ, ಇನ್ನೂ ಹಾಳೆ ಹೋಗದ ಹೊಳೆ ದಂಡೆಯ ಶಿಬಿರ ಸೇರಿದರು. ದಫೇದಾರ ಮತ್ತು ಕಾನ್‌ಸ್ಟೆಬಲ್ ಪ್ರವಾಸಕ್ಕೆ ಬಂದ ಮಾವ ಸೊಸೆಯ ವೇಷದಲ್ಲಿ ಹನ್ನೊಂದನೇ ನಂಬರಿನ ಜಾಗದಲ್ಲಿ ಗುಡಾರ ಹಾಕಬೇಕಿತ್ತು. ದಫೇದಾರ ಕೋಲುಗಳನ್ನು ಒಂದೂಕಾಲು ಗಂಟೆ ಹೊಂದಿಸಿದ. ನಿಂತಿತು ಎನ್ನುವಷ್ಟರಲ್ಲಿ ಅದು ನಿಟ್ಟುಸಿರು ಬಿಟ್ಟು ಅವನ ತಲೆಯ ಮೇಲೇ ಕೂತಿತು. ಪಕ್ಕದ ಕ್ಯಾರವಾನಿನ ಮುದುಕಿಯೊಬ್ಬಳು ಬಂದು, ಮಾತಿಲ್ಲದೆ, ಐದು ನಿಮಿಷದಲ್ಲಿ ನಿಲ್ಲಿಸಿಕೊಟ್ಟು ಹೋದಳು. ಆವತ್ತು ಹಸಿರು ವ್ಯಾನು ಬರಲಿಲ್ಲ. ಜನ ಬಟ್ಟೆ ಒಣಗಿಸಿದರು, ನೀರು ಹಿಡಿದರು, ಕರೆಂಟಿನ ವೈರು ಎಳೆದುಕೊಂಡರು, ಹೋಗುವವರು ಬರುವವರಿಗೆ ಯಾವ ಜಾಗದಲ್ಲಿ ನೆರಳಿದೆ ಎಂದು ಹೇಳಿ ಹೋದರು.

ಶುಕ್ರವಾರ ಒಂದೂ ಮೂವತ್ತೈದಕ್ಕೆ ಅದು ಬಂತು. ಇನ್ಸ್‌ಪೆಕ್ಟರ್ ಆಫೀಸಿನೊಳಗೆ, ಬಾಗಿಲಿನ ಎಡಕ್ಕೆ ಗೋಡೆಗೊರಗಿ ಕುರ್ಚಿಯಲ್ಲಿ ಕೂತಿದ್ದ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ವ್ಯಾನು ಗೇಟನ್ನು ಹೇಗೋ ದಾಟಿತು. ನಲ್ಲಿಯಿಂದ ಎರಡು ಕ್ಯಾನು ನೀರು ಹೊತ್ತ ಒಬ್ಬ ಮನುಷ್ಯ ಹಾದಿಯ ಎಡ ಅಂಚಿನಲ್ಲಿ ಬರುತ್ತಿದ್ದ. ವ್ಯಾನು ನಿಧಾನವೇ ಇತ್ತು, ಆದರೆ ನೆಟ್ಟಗೆ ಅವನ ಮೇಲೇ ಹೋಗುತ್ತಿತ್ತು. ಹಗ್ಗಕ್ಕೆ ಟವೆಲ್ಲು ಹಾಕುತ್ತಿದ್ದ ಕಾನ್‌ಸ್ಟೆಬಲ್ ಒಂದೇ ನೆಗೆತಕ್ಕೆ ಹಾರಿ ಅವನ ರಟ್ಟೆ ಹಿಡಿದು ಎಳೆದಳು. ಇಬ್ಬರೂ ಹುಲ್ಲಿನ ಮೇಲೆ ಬಿದ್ದರು. ಕ್ಯಾನೊಂದು ಗಾಲಿಗೆ ಸಿಕ್ಕಿ ಢಬ್ಬೆಂದು ಒಡೆಯಿತು.

ವ್ಯಾನು ನಿಂತಿತು. ಟೋಪಿ ಹಾಕಿದ, ಐವತ್ತರ ಆಚೀಚಿನ ಒಬ್ಬ ಹೆಂಗಸು ಇಳಿದಳು. ಹಕ್ಕಿಯ ಹಾಗೆ ತಲೆಯನ್ನು ಪೂರ್ತಿ ತಿರುಗಿಸಿ ತಿರುಗಿಸಿ ನೋಡಿ, ನೀರು, ಒಡೆದ ಕ್ಯಾನು, ಏಳುತ್ತಿದ್ದ ಇಬ್ಬರು, ಒಂದೊಂದನ್ನೇ ಹುಡುಕಿಕೊಂಡಳು. ಕೈ ಮುಗಿದಳು. ಆ ಮನುಷ್ಯ ಗೊಣಗುತ್ತ ಹೋದ. ಕಾನ್‌ಸ್ಟೆಬಲ್ಲಿಗೆ ಅಲ್ಲೇ ಹಿಡಿದುಬಿಡುವ ಮನಸ್ಸಾಯಿತು. ಆದರೆ ಪುಸ್ತಕ ಮುಟ್ಟುವವರೆಗೆ ಬಿಡಿ ಎಂಬ ಅಪ್ಪಣೆಯಿತ್ತು.

ಹೆಂಗಸು ಸ್ವಲ್ಪ ಹೊತ್ತು ವ್ಯಾನಿಗೆ ಒರಗಿ ನಿಂತು, ಆಮೇಲೆ ಆಫೀಸಿಗೆ ಬಂದಳು. ಚೌಕಟ್ಟಿನ ಮೇಲೆ ಕೈಯಾಡಿಸಿ ಕೀಲಿ ತೆಗೆದು ಬಾಗಿಲು ತೆರೆದಳು. ಇನ್ಸ್‌ಪೆಕ್ಟರ್ ಅವಳಿಂದ ಒಂದು ಮೊಳ ದೂರದಲ್ಲಿದ್ದ. ಆಕೆಗೆ ಕಾಣಲಿಲ್ಲ. ಮೇಜಿಗೆ ಹೋಗಿ ಪುಸ್ತಕ ಬಿಚ್ಚಿ, ಹೆಸರುಗಳನ್ನು ಓದದೆ ಬರೀ ಬರಹಗಳ ಮೇಲೆ ಬೆರಳು ಎಳೆಯುತ್ತ ಹೋದಳು. ಅರ್ಧಕ್ಕೆ ಬೆರಳು ನಿಂತಿತು. ಹಾಳೆಯ ಮೇಲೆ ಅಂಗೈ ಊರಿ, ಹಾಗೇ ಇದ್ದಳು. ಆಮೇಲೆ ಚೀಲದಿಂದ ಬ್ಲೇಡು ತೆಗೆದಳು.

"ಸಿಕ್ತಾ?" ಎಂದ ಇನ್ಸ್‌ಪೆಕ್ಟರ್.

ಬ್ಲೇಡು ಕೆಳಗೆ ಬಿತ್ತು. ಒಂದೂ ಐವತ್ತೆರಡಕ್ಕೆ ದಸ್ತಗಿರಿ ಎಂದು ದಫೇದಾರ ಬರೆದುಕೊಂಡ. ಚೀಲದಲ್ಲಿ ಏಳು ಹಾಳೆಗಳು ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿ ಮಡಿಕೆ ಬೀಳದ ಹಾಗೆ ಇದ್ದವು. ಒಂದು ಕೆಂಪು ಪೆನ್ನು, ಕಣ್ಣಿಗೆ ಬಿಡುವ ಔಷಧಿ. ಆಕೆ ಪುಸ್ತಕ ಅಚ್ಚು ಮಾಡುವ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು, ಇಪ್ಪತ್ತೈದು ವರ್ಷದ ನೌಕರಿ.

"ಹಾಳೆ ಯಾಕೆ ಕತ್ತರಿಸಿದ್ರಿ?"

"ಕೇಳಿದ್ರೆ ಯಾರೂ ತೋರಿಸಲಿಲ್ಲ."

"ಯಾರ ಬರಹ ಇದು?"

"ನಮ್ಮಕ್ಕಂದು."

"ಅಕ್ಕ ಅನ್ನೋದಕ್ಕೆ ಸಾಕ್ಷಿ?"

ಆಕೆ ಫೈಲಿನ ತಳದಿಂದ ಹಳದಿಯಾದ ಒಂದು ಚೀಟಿ ತೆಗೆದು ಕೊಟ್ಟಳು. ಶಾಲೆಗೆ ಬರೆದ ರಜಾ ಚೀಟಿ. ತಂಗಿಗೆ ಜ್ವರ, ಎರಡು ದಿನ ರಜೆ ಕೊಡಬೇಕು, ಪೋಷಕಿ ಎಂದಿತ್ತು. ಪೋಷಕಿಯ ಬರಹ ಇನ್ನೂ ಎಳಸಾಗಿತ್ತು, ಆದರೆ 'ಳ'ದ ಬಾಲವನ್ನು ಎಳೆದ ರೀತಿ ಪುಸ್ತಕದಲ್ಲಿದ್ದದ್ದೇ.

ಕೇಳಿದ್ದಕ್ಕೆ ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅಕ್ಕನಿಗೆ ಹದಿನೆಂಟು, ತನಗೆ ಏಳು. ಅಕ್ಕ ಗುಡಾರದ ಬಟ್ಟೆ ಹೊಲಿದು ಸಾಕಿದಳು, ಓದಿಸಿದಳು, ತಾನು ಮದುವೆಯಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ, ಐವತ್ತೊಂದನೇ ವಯಸ್ಸಿನಲ್ಲಿ, ಕ್ಯಾರವಾನಿನಲ್ಲಿ ಊರೂರು ತಿರುಗಿ ಸ್ಟೋವು, ಪಂಪು ರಿಪೇರಿ ಮಾಡುವ ಒಬ್ಬನ ಜೊತೆ ಹೋಗುತ್ತೇನೆ ಎಂದಳು. ತಂಗಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಾತಿಗೆ ಮಾತು ಬೆಳೆದು, ನಿನಗೋಸ್ಕರ ಇಷ್ಟು ವರ್ಷ ಇದ್ದೆನಲ್ಲೇ ಎಂದು ಅಕ್ಕ ಅಂದಾಗ, ನನ್ನನ್ನು ಸಾಕು ಅಂತ ನಿನಗೆ ಯಾರು ಹೇಳಿದ್ದರು ಎಂದು ತಂಗಿ ಅಂದುಬಿಟ್ಟಳು. ಅಕ್ಕ ಮರುಮಾತಾಡದೆ ಹೊಲಿಗೆಯ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಹೋದ ವರ್ಷ ಭಾವ ತೀರಿಕೊಂಡ ಸುದ್ದಿ ಯಾರಿಂದಲೋ ಬಂತು. ಅಕ್ಕ ಒಬ್ಬಳೇ ಈ ರಸ್ತೆಯ ಶಿಬಿರಗಳಲ್ಲಿ ಇದ್ದಾಳಂತೆ ಎಂಬಷ್ಟೇ ಗೊತ್ತಾಯಿತು. ಪೊಲೀಸರ ಹತ್ತಿರ ಹೋದರೆ, ತಾನಾಗಿ ಹೋದವರು ಕಾಣೆಯಾದವರ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಳಿಸಿದರು. ಅಷ್ಟರಲ್ಲಿ ಕಣ್ಣಿನ ಡಾಕ್ಟರು ಹೇಳಿದ್ದರು, ಹೆಚ್ಚೆಂದರೆ ಇನ್ನೊಂದು ವರ್ಷ.

"ಕಣ್ಣು ಹೋಗೋಕೆ ಮುಂಚೆ ಅಕ್ಕನ ಮುಖ ನೋಡ್ಬೇಕು ಅಂತಲ್ಲ ಸಾರ್," ಎಂದಳು. "ಮುಖ ನೆನಪಿದೆ. ಆವತ್ತು ಆಡಿದ ಮಾತು ವಾಪಸ್ ತಗೋಬೇಕು. ಅದನ್ನ ಕುರುಡಿಯಾದ ಮೇಲೂ ಮಾಡ್ಬಹುದು. ಆದ್ರೆ ಹುಡುಕೋಕೆ ಕಣ್ಣು ಬೇಕಲ್ಲ."

ದಫೇದಾರ ಹೇಳಿಕೆಯ ಕೊನೆಯ ಸಾಲು ಬರೆದು ಮುಗಿಸಿದ.

"ಈಗ ಹೊರಗೆ ಒಬ್ಬ ಸಾಯ್ತಿದ್ದ," ಎಂದ ಇನ್ಸ್‌ಪೆಕ್ಟರ್.

ಆಕೆ ವ್ಯಾನಿನ ಕೀಲಿಯನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ತಳ್ಳಿದಳು. ಇವನು ಚಾಲನಾ ಪರವಾನಗಿಯನ್ನೂ ಕೇಳಿ ಇಸಿದುಕೊಂಡು, ಎರಡನ್ನೂ ಜಪ್ತಿ ಪಟ್ಟಿಗೆ ಸೇರಿಸಿದ. ಅಕ್ಕ ಎಲ್ಲಿದ್ದಾಳೆ ನಿಮಗೆ ಗೊತ್ತಾ ಎಂದು ಆಕೆ ಮೆಲ್ಲಗೆ ಕೇಳಿದಳು. ಇವನು ಜಪ್ತಿ ಪಟ್ಟಿಗೆ ಸಹಿ ಹಾಕಿ ಎದ್ದ.

ಹೊರಗೆ ಬಂದ ಮೇಲೆ ಕಾನ್‌ಸ್ಟೆಬಲ್ ತಡೆಯಲಾರದೆ ಹಿಂದೆಯೇ ಬಂದಳು. ಗುಡ್ಡದ ಶಿಬಿರ ಇಲ್ಲಿಂದ ನಲವತ್ತು ಕಿಲೋಮೀಟರು ಸಾರ್, ಹೇಳಿದರೆ ಏನು ಗಂಟು ಹೋಗುತ್ತದೆ ಎಂದಳು. ಇನ್ಸ್‌ಪೆಕ್ಟರ್ ಜೀಪಿನ ಬಾನೆಟ್ಟಿಗೆ ಒರಗಿ, ಆರು ವರ್ಷ ಯಾರಿಗೂ ಹೇಳದ ಆ ಹಾಸ್ಟೆಲ್ಲಿನ ಕತೆಯನ್ನು ಅವಳಿಗೆ ಹೇಳಿದ. ಒಂದನ್ನೂ ಬಿಡಲಿಲ್ಲ, ಆಸ್ಪತ್ರೆಯ ಮಂಚದ ಪಕ್ಕ ತಾನು ನಿಂತದ್ದನ್ನೂ ಬಿಡಲಿಲ್ಲ. ಆಕೆಯ ಮಾತು ನಿಜವೇ ಇರಬಹುದು, ಆದರೆ ಸಿಗಬೇಕೋ ಬೇಡವೋ ಎಂದು ಹೇಳಬೇಕಾದವಳು ಇನ್ನೊಬ್ಬಳು ಎಂದ. ಕಾನ್‌ಸ್ಟೆಬಲ್ ಸುಮ್ಮನೆ ತಲೆಯಾಡಿಸಿ ಒಳಗೆ ಹೋಗಿ, ಆರೋಪಿಗೆ ಕುಡಿಯಲು ನೀರು ಕೊಟ್ಟಳು.

ಸಂಜೆ ನಾಲ್ಕೂ ಕಾಲಕ್ಕೆ ಇನ್ಸ್‌ಪೆಕ್ಟರ್ ಒಬ್ಬನೇ ಗುಡ್ಡದ ಶಿಬಿರಕ್ಕೆ ಹೋದ. ಕೆನೆ ಬಣ್ಣದ ಕ್ಯಾರವಾನಿನ ಮುಂದೆ ಮಡಚುವ ಸ್ಟೂಲಿನ ಮೇಲೆ ಹೊಲಿಗೆಯಮ್ಮ ಕೂತಿದ್ದಳು. ಪಟ್ಟೆಪಟ್ಟೆಯ ದೊಡ್ಡ ಚಪ್ಪರದ ಬಟ್ಟೆ ಅವಳ ತೊಡೆಯ ಮೇಲಿಂದ ಇಳಿದು ಹುಲ್ಲಿನ ಮೇಲೆಲ್ಲ ಹರಡಿತ್ತು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ದಪ್ಪ ಸೂಜಿಯನ್ನು ತಳ್ಳುತ್ತಿದ್ದಳು. ಇವನು ಗುರುತಿನ ಚೀಟಿ ತೋರಿಸಿ, ನಿಮ್ಮನ್ನು ಯಾರಾದರೂ ಹುಡುಕುವವರು ಇದ್ದಾರಾ ಎಂದು ಕೇಳಿದ. ಚಪ್ಪರ ಹರಿದವರೆಲ್ಲ ಹುಡುಕುತ್ತಾರೆ ಎಂದಳು.

ಇವನು ರಜಾ ಚೀಟಿಯನ್ನು ಕೈಗೆ ಕೊಟ್ಟ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಚೀಟಿಯನ್ನು ಎರಡು ಸಲ ಓದಿ, ಏನಾದರೂ ಆಗಿದೆಯಾ ಅವಳಿಗೆ ಎಂದು ಕೇಳಿದಳು. ಆರೋಗ್ಯವಾಗಿದ್ದಾರೆ, ನಮ್ಮ ಕಸ್ಟಡಿಯಲ್ಲಿದ್ದಾರೆ, ಉಳಿದದ್ದನ್ನು ಅವರೇ ಹೇಳಬೇಕು ಎಂದ ಇನ್ಸ್‌ಪೆಕ್ಟರ್.

"ಏನು ಮಾಡಿದ್ಲು?"

"ನಿಮ್ಮ ಕೈಬರಹ ಇದ್ದ ಏಳು ಹಾಳೆ ಕದ್ದರು."

ಅವಳು ನಗುತ್ತಾಳೆಂದು ಇವನಿಗೆ ಒಂದು ಕ್ಷಣ ಅನ್ನಿಸಿತು. ನಗಲಿಲ್ಲ.

"ನೀವು ಬರಲೇಬೇಕು ಅಂತೇನಿಲ್ಲಮ್ಮ. ಬೇಡ ಅಂದ್ರೆ ನೀವು ಇಲ್ಲಿರೋದು ನನ್ನ ಬಾಯಿಂದ ಹೊರಗೆ ಬರಲ್ಲ. ಅವರು ಇನ್ನು ಗಾಡಿ ಓಡಿಸೋ ಹಾಗೂ ಇಲ್ಲ."

ಅವಳು ಮತ್ತೆ ಸೂಜಿ ಎತ್ತಿಕೊಂಡಳು. ನಾಳೆಗೆ ಇದನ್ನು ಕೊಡಬೇಕು ಎಂದಳು ಅಷ್ಟೇ. ಇವನು ಇನ್ನೇನೂ ಕೇಳದೆ ಜೀಪು ಹತ್ತಿದ. ಠಾಣೆಯಲ್ಲಿ ತಂಗಿಗೂ ಏನೂ ಹೇಳಲಿಲ್ಲ. ಜಾಮೀನು ಕೊಡಬಹುದಾದ ಅಪರಾಧವೇ ಆಗಿತ್ತು, ಆದರೆ ಆ ಊರಲ್ಲಿ ಆಕೆಗೆ ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ. ಮಹಿಳೆಯರ ಕೋಣೆಯಲ್ಲಿ ಕಾನ್‌ಸ್ಟೆಬಲ್ಲಿನ ಕಾವಲಿನಲ್ಲಿ ಇರಿಸಿದರು.

ಶನಿವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಠಾಣೆಯ ಅಂಗಳಕ್ಕೆ ಒಂದು ಕೆನೆ ಬಣ್ಣದ ಕ್ಯಾರವಾನ್ ಬಂತು. ಅಂಗಳ ಚಿಕ್ಕದು, ಕ್ಯಾರವಾನ್ ಉದ್ದ. ಎರಡು ಸಲ ಹಿಂದೆ ಮುಂದೆ ಮಾಡಿ, ಜೀಪಿಗೂ ದಫೇದಾರನ ಸ್ಕೂಟರಿಗೂ ನಡುವೆ ಒಂದೊಂದು ಗೇಣು ಜಾಗ ಬಿಟ್ಟು ನಿಲ್ಲಿಸಿದ ಕೈಯನ್ನು ದಫೇದಾರ ಬಾಗಿಲಲ್ಲಿ ನಿಂತು ಮೆಚ್ಚಿಕೊಂಡ. ಹೊಲಿಗೆಯಮ್ಮ ಇಳಿದು ಒಳಗೆ ಬಂದಳು.

ಕಾನ್‌ಸ್ಟೆಬಲ್ ತಂಗಿಯನ್ನು ಕರೆತಂದಳು. ಅಕ್ಕ ಕಿಟಕಿಯ ಪಕ್ಕಕ್ಕೆ ನಿಂತಿದ್ದಳು. ತಂಗಿ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಒಂದು ಜೀವ ನಿಂತಿದೆ ಎಂಬುದು ಆಕೆಗೆ ತಿಳಿಯಲೇ ಇಲ್ಲ. ಅಕ್ಕನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಬಾಯಿಗೆ ಸೆರಗೊತ್ತಿಕೊಂಡಳು. ಆಮೇಲೆ ನಾಲ್ಕು ಹೆಜ್ಜೆ ನಡೆದು ಹೋಗಿ ತಂಗಿಯ ನೇರಕ್ಕೆ ನಿಂತಳು.

"ಎಷ್ಟು ಸೊರಗಿದ್ದೀಯೇ," ಎಂದಳು.

ತಂಗಿ ಒಂದು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು. ಅಕ್ಕಾ, ಆವತ್ತು ನಾನು ಅಂದಿದ್ದು ಎಂದು ಶುರುಮಾಡಿದಳು. ಗೊತ್ತು, ಸುಮ್ಮನಿರು ಎಂದಳು ಅಕ್ಕ. ಇಲ್ಲ, ಹೇಳ್ತೀನಿ ಎಂದಳು ತಂಗಿ. ಇನ್ಸ್‌ಪೆಕ್ಟರ್ ದಫೇದಾರನಿಗೆ ಸನ್ನೆ ಮಾಡಿ, ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಒಳಗೆ ಏನು ಹೇಳಿದಳೋ, ಎಷ್ಟು ಹೇಳಿದಳೋ, ದಾಖಲೆಯಲ್ಲಿಲ್ಲ. ಹತ್ತೂ ಐದಕ್ಕೆ ಬಾಗಿಲು ತೆರೆಯಿತು.

ಆಮೇಲಿನದೆಲ್ಲ ಕಾಗದದ ಕೆಲಸ. ಹೊಳೆ ದಂಡೆಯ ಹಾದಿಯಲ್ಲಿ ಅಜಾಗರೂಕತೆಯಿಂದ ಗಾಡಿ ಓಡಿಸಿದ್ದಕ್ಕೆ ಇನ್ನೊಂದು ಕಲಂ ಸೇರಿತು. ಅದನ್ನು ಇನ್ಸ್‌ಪೆಕ್ಟರ್ ಬಿಡಲಿಲ್ಲ, ತಂಗಿಯೂ ಬಿಡಿ ಎಂದು ಕೇಳಲಿಲ್ಲ. ಮೂರು ಶಿಬಿರದವರೂ ಹಾಳೆಗಳು ವಾಪಸ್ ಬಂದರೆ ರಾಜಿಗೆ ತಯಾರು ಎಂದು ಬರೆದುಕೊಟ್ಟಿದ್ದರು. ಅಂತಿಮ ವರದಿಯಲ್ಲಿ ಅಪರಾಧಕ್ಕೆ ಪ್ರೇರಣೆ ಎಂಬ ಕಡೆ ಇನ್ಸ್‌ಪೆಕ್ಟರ್ ಎರಡು ಸಲ ಬರೆದು ಹೊಡೆದುಹಾಕಿ, ಕೊನೆಗೆ, 'ಆರೋಪಿಯು ತನ್ನನ್ನು ಸಾಕಿದ ಅಕ್ಕನಲ್ಲಿ ಕ್ಷಮೆ ಕೇಳುವ ಸಲುವಾಗಿ' ಎಂದು ಬರೆದ.

ಜಾಮೀನಿನ ಫಾರಂ ಅಕ್ಕನ ಮುಂದೆ ಬಂತು. ಹೆಸರು ಬರೆದಳು. ಆರೋಪಿಗೆ ಏನಾಗಬೇಕು ಎಂಬಲ್ಲಿ ಅಕ್ಕ ಎಂದು ಬರೆದಳು. ಖಾಯಂ ವಿಳಾಸ ಎಂಬಲ್ಲಿ ಪೆನ್ನು ನಿಂತಿತು. ಗಾಡಿಯ ನಂಬರು ಬರೆಯಲಾ ಎಂದು ಕೇಳಿದಳು. ಗಾಲಿಯಿರುವ ವಿಳಾಸವನ್ನು ಕೋರ್ಟು ಒಪ್ಪುವುದಿಲ್ಲ ಎಂದು ದಫೇದಾರ ಬೇಜಾರಿನಿಂದಲೇ ಹೇಳಿದ.

ಅವಳು ತಂಗಿಯ ಕಡೆ ತಿರುಗಿದಳು.

"ಇನ್ನೂ ಅದೇ ಮನೇನಾ?"

"ಅದೇ."

ಅಕ್ಕ ಫಾರಂ ಮೇಲೆ ಬಗ್ಗಿ ಬರೆಯತೊಡಗಿದಳು. ಮನೆ ನಂಬರು ಎಷ್ಟೆಂದಾಗಲಿ, ಬೀದಿ ಯಾವುದೆಂದಾಗಲಿ ಕೇಳಲಿಲ್ಲ.